ಓಬಳೇಶಪ್ಪನ ಗುಂಡಿಗೆ ನೀರು ನುಗ್ಗಿದ್ದು

ಹಿಂದೂಪುರದಲ್ಲಿ ರೈಲು ಕಟ್ಟೆಗೆ ಬೆನ್ನು ಹಾಕಿಕೊಂಡು ನೇಕಾರರ ಬೀದಿಯೊಂದಿತ್ತು. ಆ ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಸರ್ಕಾರ ಎಂದರೇನು ಎಂದು ಬಲ್ಲವನು ಓಬಳೇಶಪ್ಪ ಒಬ್ಬನೇ. ಉಳಿದವರಿಗೆ ಸರ್ಕಾರ ಎಂದರೆ ಸರ್ಕಾರ, ಅಷ್ಟೆ. ಓಬಳೇಶಪ್ಪನಿಗೆ ಅದು ಮೂರು. ಇದನ್ನು ಅವನು ಬೋಂಡ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯೊಂದರಲ್ಲಿ ಓದಿದ್ದ. ಎಣ್ಣೆ ಹತ್ತಿದ್ದರಿಂದ ಕೊನೆಯ ನಾಲ್ಕು ಸಾಲು ಮಾತ್ರ ಓದಲಾಗಿರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಆ ನಾಲ್ಕು ಸಾಲುಗಳೇ ಕಾರಣವಿದ್ದರೂ ಇರಬಹುದು.

"ಲೋಕಲ್ಲು, ಸ್ಟೇಟು, ಸೆಂಟ್ರಲ್ಲು" ಎಂದು ಅವನು ಟೀ ಅಂಗಡಿಯಲ್ಲಿ ಮೂರು ಬೆರಳು ಮಡಿಚುತ್ತಿದ್ದ. "ನಲ್ಲಿ ನಿಂತೋಯ್ತಾ? ಲೋಕಲ್ಲು. ಬಸ್ಸು ಲೇಟಾ? ಸ್ಟೇಟು. ರೈಲು ಲೇಟಾ? ಸೆಂಟ್ರಲ್ಲು. ಯಾರನ್ನ ಬೈಬೇಕೋ ಅವ್ರನ್ನೇ ಬೈಬೇಕು ಕಣ್ರಪ್ಪ. ಸುಮ್ಮನೆ ಎಲ್ಲಾರ್ನೂ ಬೈದ್ರೆ ಬೈಗುಳಕ್ಕೆ ಬೆಲೆ ಎಲ್ಲಿ ಉಳೀತದೆ?"

ಪಕ್ಕದ ಮನೆಯ ಸಂಜೀವಪ್ಪ ಇವನ ಓರಗೆಯ ನೇಕಾರ, ಬಾಯಿ ಸ್ವಲ್ಪ ಚುರುಕು. "ಅಂಗಾರೆ ಸಾರಿಗೆ ಉಪ್ಪು ಕಮ್ಮಿ ಆದ್ರೆ ಯಾವ ಸರ್ಕಾರ ಓಬಳೇಶಣ್ಣ?" ಎಂದು ಕೇಳಿದ. ಓಬಳೇಶಪ್ಪ ಎರಡು ನಿಮಿಷ ನಿಜವಾಗಿಯೂ ಯೋಚಿಸಿದ.

ಇಂಥ ಜ್ಞಾನಿಯ ಮನೆಗೇ ಮಳೆ ನುಗ್ಗಿತು.

ಆಂಧ್ರದಲ್ಲಿ ತಾಲ್ಲೂಕುಗಳನ್ನು ಒಡೆದು ಮಾಡಿದ ಮಂಡಲ ಕಚೇರಿಗಳು ಹೊಸದಾಗಿ ಬಂದು, ಬಣ್ಣದ ವಾಸನೆ ಇನ್ನೂ ಹೋಗಿರದ ಕಾಲ. ಒಂದು ಸಂಜೆ ಎರಡೇ ತಾಸಿನಲ್ಲಿ ಆಕಾಶ ಕಳಚಿ ಬಿದ್ದ ಹಾಗೆ ಸುರಿಯಿತು. ಬೀದಿಯ ನೀರು ಇಳಿಜಾರಿನಲ್ಲಿ ಓಡಿ, ರೈಲು ಕಟ್ಟೆಯ ಕೆಳಗಿನ ಮೋರಿಯಲ್ಲಿ ದಾರಿ ಸಿಗದೆ, ಬಂದ ದಾರಿಯಲ್ಲೇ ಹಿಂದಿರುಗಿ ಮನೆಮನೆಗೆ ಹೊಕ್ಕಿತು. ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ನೀರಿರಲಿಲ್ಲ. ಆದರೆ ಮಗ್ಗದ ಗುಂಡಿಗಳಲ್ಲಿ ಇತ್ತು. ಆ ಬೀದಿಯವೆಲ್ಲ ಗುಂಡಿಮಗ್ಗಗಳು. ನೇಯುವವನು ನೆಲದ ಮೇಲೆ ಕೂತು, ಕಾಲು ಗುಂಡಿಯೊಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಗುಂಡಿಯಲ್ಲಿ ನೀರು ನಿಂತರೆ ಮಗ್ಗ ನಿಂತ ಹಾಗೆಯೇ.

ಓಬಳೇಶಪ್ಪನ ಮಗ್ಗದ ಮೇಲಿದ್ದದ್ದು ಅಂಥಿಂಥ ಸೀರೆಯಲ್ಲ. ಅವನ ಒಬ್ಬಳೇ ತಂಗಿ ಸರಸ್ವತಮ್ಮನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ಅವಳ ಮಗಳು ಕದಿರಮ್ಮನಿಗೆ ಮದುವೆ, ಇನ್ನು ಹನ್ನೆರಡು ದಿನಕ್ಕೆ. ಹುಡುಗಿ ಮಂಟಪಕ್ಕೆ ಬರುವುದು ಸೋದರಮಾವ ಕೊಟ್ಟ ಸೀರೆಯುಟ್ಟು. ಹುಡುಗಿ ಹುಟ್ಟಿದ ದಿನವೇ "ಇವಳ ಸೀರೆ ನನ್ನ ಕೈಯಾರೆ" ಎಂದು ಓಬಳೇಶಪ್ಪ ತಂಗಿಗೆ ಮಾತು ಕೊಟ್ಟಿದ್ದ. ಕುಂಕುಮ ಬಣ್ಣದ ರೇಷ್ಮೆ, ಹಸಿರು ಅಂಚು. ಅರ್ಧ ಮುಗಿದಿತ್ತು, ಅರ್ಧ ಉಳಿದಿತ್ತು. ಹೆಂಡತಿ ಪದ್ಮಾವತಮ್ಮ ಮಳೆಯಲ್ಲೇ ಟಾರ್ಪಾಲು ಹೊದಿಸಿ ಹಾಸಿನ ನೂಲು ನೆನೆಯದಂತೆ ಕಾಪಾಡಿದ್ದಳು.

ಬೆಳಗ್ಗೆ ಸಂಜೀವಪ್ಪ ತನ್ನ ಗುಂಡಿ ಬಳಿದು ಮುಗಿಸಿ, ಕೊಡ ಹಿಡಿದು ಇವರ ಬಾಗಿಲಿಗೆ ಬಂದ. "ನಡಿ ಓಬಳೇಶಣ್ಣ, ಮುಕ್ಕಾಲು ಗಂಟೆ ಕೆಲಸ. ಇಬ್ರೂ ಸೇರಿ ಎತ್ಹಾಕ್ಬುಡಾನ."

ಓಬಳೇಶಪ್ಪ ಗುಂಡಿಗೆ ಅಡ್ಡ ನಿಂತ. "ಮುಟ್ಟಬ್ಯಾಡ!"

"ಯಾಕಣ್ಣ? ಹಾವೇನಾರ ಅದಾ?"

"ಇದು ವಿಪತ್ತು ಕಣ್ಲಾ. ವಿಪತ್ತು ಅಂದ್ರೆ ಸರ್ಕಾರ ಬಂದು ನೋಡ್ಬೇಕು, ಪಂಚನಾಮೆ ಆಗ್ಬೇಕು. ನೀನು ನೀರೆಲ್ಲ ಚೆಲ್ಬುಟ್ರೆ ನಾಳೆ ಬಂದೋರಿಗೆ ಏನ್ ತೋರಿಸ್ಲಿ, ನನ್ನ ಮುಖಾನಾ?"

"ಸೀರೆ?" ಎಂದಳು ಪದ್ಮಾವತಮ್ಮ ಒಲೆಯ ಮುಂದಿನಿಂದ.

"ಎರಡು ದಿನದಲ್ಲಿ ಮೂರು ಸರ್ಕಾರಾನೂ ಬತ್ತವೆ. ಆಮೇಲೆ ಮೂರು ದಿನಕ್ಕೆ ಮುಗಿಸ್ಬುಡ್ತೀನಿ. ನೀನು ಸುಮ್ಕಿರು."

ಪದ್ಮಾವತಮ್ಮ ಮದುವೆಯಾದಾಗಿನಿಂದ ಈ "ಸುಮ್ಕಿರು" ಕೇಳುತ್ತ ಬಂದವಳು. ಸುಮ್ಮನಿದ್ದಳು. ಪಾತ್ರೆಗಳು ಮಾತ್ರ ಆ ದಿನ ಜೋರಾಗಿ ಸದ್ದು ಮಾಡಿದವು.

ಓಬಳೇಶಪ್ಪ ಟೇಪು ಹಿಡಿದು ನೀರಿನ ಆಳ ಅಳೆದ: ಮೂರಡಿ. ಗುಂಡಿಯ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದ. ಆಮೇಲೆ ಕಾರ್ಬನ್ ಇಟ್ಟು ಒಂದೇ ಅರ್ಜಿಯನ್ನು ಮುನ್ಸಿಪಾಲಿಟಿಗೆ, ಮಂಡಲ ಕಚೇರಿಗೆ, ರೈಲ್ವೆಗೆ ಎಂದು ಮೂರು ಪ್ರತಿ ಬರೆಯಲು ಕೂತ. ಅರ್ಜಿ ತೆಲುಗಿನಲ್ಲಿ ಇರಬೇಕು. ಅವನು ತೆಲುಗನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದ, ಆದರೆ ಓದಿದ್ದು ಮಡಕಶಿರಾ ಕಡೆಯ ಕನ್ನಡ ಶಾಲೆಯಲ್ಲಿ. ಗುಂಡಿಗೆ ತೆಲುಗಿನಲ್ಲಿ 'ಗುಂಟ' ಎನ್ನಬೇಕೆಂಬುದು ಬರೆಯುವ ಭರದಲ್ಲಿ ಮರೆತೇಹೋಯಿತು. ಕನ್ನಡದ 'ಗುಂಡಿ'ಯನ್ನೇ ತೆಲುಗು ಅಕ್ಷರದಲ್ಲಿ ಬರೆದ. ಅಷ್ಟಾಗಿದ್ದರೆ ಚಿಂತೆಯಿರಲಿಲ್ಲ. ತೆಲುಗಿನಲ್ಲಿ ಅಕ್ಷರದ ನೆತ್ತಿಯ ಮೇಲೆ 'ಇ'ಗೆ ಹಾಕುವ ಗುರುತಿಗೂ 'ಎ'ಗೆ ಹಾಕುವ ಗುರುತಿಗೂ ಅಂತರ ಕೂದಲೆಳೆಯಷ್ಟು. ಓಬಳೇಶಪ್ಪನ ಕೈ ಆ ಕೂದಲೆಳೆಯನ್ನು ದಾಟಿತು. ಗುಂಡಿ ಹೋಗಿ 'ಗುಂಡೆ' ಆಯಿತು. ಗುಂಡೆ ಎಂದರೆ ತೆಲುಗಿನಲ್ಲಿ ಹೃದಯ.

ಹೀಗಾಗಿ ಮೂರು ಕಚೇರಿಗಳಿಗೂ ತಲುಪಿದ ಅರ್ಜಿಯ ಸಾರಾಂಶ ಇಷ್ಟು: 'ರೈಲ್ವೆ ಮೋರಿಯಿಂದ ಹಿಂದಿರುಗಿದ ನೀರು ಬೀದಿಯ ಮೂಲಕ ಬಂದು ನನ್ನ ಹೃದಯದೊಳಗೆ ಮೂರು ಅಡಿ ನಿಂತಿರುತ್ತದೆ. ತಾವು ಖುದ್ದಾಗಿ ಬಂದು ನೋಡುವವರೆಗೆ ನಾನು ಯಾರಿಗೂ ತೆಗೆಯಲು ಬಿಡುವುದಿಲ್ಲ.'

ಮಂಡಲ ಕಚೇರಿಯ ಗುಮಾಸ್ತರು ಇದನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿ ಮೂರನೆಯ ಸಲ ಓದಿದರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನೇ ಇವನಿಗೆ ಕೊಟ್ಟರು. ಕಚೇರಿಯಲ್ಲಿ ತನಗೆ ಕುರ್ಚಿ ಸಿಕ್ಕಿದ್ದು ತನ್ನ ಅರ್ಜಿಯ ಭಾಷೆಗೆ ಸಂದ ಗೌರವ ಎಂದುಕೊಂಡ ಓಬಳೇಶಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ.

"ಯಾವಾಗಿಂದಪ್ಪಾ ನೀರು?" ಎಂದು ಗುಮಾಸ್ತರು ಮೆತ್ತಗೆ ಕೇಳಿದರು.

"ಮಳೆ ಬಂದ ಸಂಜೆಯಿಂದ ಸಾರ್."

"ತಂಡಿಗೆ ಜಾಸ್ತಿ ಆಗ್ತದೆ ಅದು. ಮೂರಡಿ ಅಂತ ಬರೆದಿದ್ದೀಯಲ್ಲ…"

"ಟೇಪಲ್ಲಿ ಅಳೆದಿದ್ದೀನಿ ಸಾರ್. ಗೆರೆ ಎಳೆದೂ ಇಟ್ಟಿದ್ದೀನಿ."

ಗುಮಾಸ್ತರಿಗೆ ಕಣ್ಣು ತುಂಬಿ ಬಂತು. ಪಾಪ, ರೋಗ ತಲೆಗೂ ಏರಿದೆ ಎಂದುಕೊಂಡರು. "ಡಾಕ್ಟರಿಗೆ ತೋರಿಸ್ದ್ಯಾ?"

"ಡಾಕ್ಟ್ರ್ಯಾಕೆ ಸಾರ್? ಇದು ಸೆಂಟ್ರಲ್ಲೋರು ನೋಡೋದು."

"ಅದೂ ಹೌದು, ಸಣ್ಣ ಆಸ್ಪತ್ರೆಲಿ ಆಗೋ ಕೆಲಸ ಅಲ್ಲ" ಎಂದು ಗುಮಾಸ್ತರು ನಿಟ್ಟುಸಿರು ಬಿಟ್ಟರು. ಜವಾನ ಲೋಟದಲ್ಲಿ ನೀರು ತಂದ. ಗುಮಾಸ್ತರು ಗಾಬರಿಯಿಂದ ಲೋಟ ಕಿತ್ತುಕೊಂಡರು. "ಏಮಯ್ಯಾ, ಬುದ್ಧಿ ಉಂದಾ ನೀಕು? ಇವ್ರಿಗೆ ಇರೋ ನೀರೇ ಸಾಲ್ದಾ?"

ಗುಮಾಸ್ತರ ಹೆಂಡತಿಯ ತವರು ಕಲ್ಯಾಣದುರ್ಗ. ಸರಸ್ವತಮ್ಮನ ಮನೆಯ ಹಿಂದಿನ ಬೀದಿ; ಓಬಳೇಶಪ್ಪ ಅವಳ ಅಣ್ಣನೆಂದು ಅವರಿಗೆ ಗೊತ್ತಿತ್ತು. ಓಬಳೇಶಪ್ಪ ಹೋದ ಮೇಲೆ ಅವರು ತಾವೇ ಬಸ್ ನಿಲ್ದಾಣಕ್ಕೆ ಹೋಗಿ, ಕಲ್ಯಾಣದುರ್ಗದ ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟರು. 'ನಿಮ್ಮಣ್ಣನ ಗುಂಡೆಗೆ ನೀರು ತುಂಬಿದೆ. ನೋಡುವವರು ಬೇಗ ಬರುವುದು.' ಒಳ್ಳೆಯ ಮನುಷ್ಯ. ಮನೆಗೆ ಹೋಗಿ ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲವಂತೆ.

ಎರಡು ದಿನ ಕಳೆಯಿತು, ಮೂರಾಯಿತು, ಯಾವ ಸರ್ಕಾರವೂ ಬರಲಿಲ್ಲ. ಬೀದಿಯಲ್ಲೆಲ್ಲ ಲಾಳಿ ಓಡುವ ಸದ್ದು. ಓಬಳೇಶಪ್ಪನ ಮನೆಯಲ್ಲಿ ಮಾತ್ರ ಕಪ್ಪೆಯ ಸದ್ದು. ಐದನೆಯ ಬೆಳಗ್ಗೆ ಅವನು ಗುಂಡಿಗೆ ಬಗ್ಗಿ ನೋಡಿದ. ನೀರು ಇದ್ದಿಲ ಗೆರೆಯಿಂದ ಒಂದು ಗೇಣು ಕೆಳಗಿಳಿದಿತ್ತು! ಅರ್ಜಿಯಲ್ಲಿ ಮೂರಡಿ ಎಂದು ಬರೆದಾಗಿದೆ. ಸರ್ಕಾರಕ್ಕೆ ಸುಳ್ಳು ಬರೆದ ಹಾಗಾಗುವುದಿಲ್ಲವೇ? ಪ್ರಾಮಾಣಿಕ ಮನುಷ್ಯನಾದ ಓಬಳೇಶಪ್ಪ ಹಿತ್ತಲಿಗೆ ಹೋಗಿ ಒಂದು ಕೊಡ ನೀರು ತಂದು ಗುಂಡಿಗೆ ಸುರಿದ. ಗೆರೆ ಮುಟ್ಟಲಿಲ್ಲ. ಎರಡನೆಯ ಕೊಡ ಎತ್ತಿ ಬಗ್ಗಿಸುತ್ತಿದ್ದ.

"ಅಣ್ಣಯ್ಯಾ!" ಎಂಬ ಕೂಗು ಬೀದಿಯ ತುದಿಯಿಂದ ಬಂತು.

ಚೀಟಿ ಕೈಸೇರಿದ್ದೇ ಹಿಂದಿನ ರಾತ್ರಿ; ಸರಸ್ವತಮ್ಮ ಮೊದಲ ಬಸ್ಸಿಗೇ ಬಂದಿದ್ದಳು. ಹಿಂದೆ ಗಂಡ ಜಯರಾಮಪ್ಪ, ಅವನ ಹಿಂದೆ ನೆಂಟರಿಷ್ಟರು ಹತ್ತು ಜನ. ಬೀದಿಯುದ್ದಕ್ಕೂ ಅಳುತ್ತ ಬಂದವಳು ಬಾಗಿಲಲ್ಲಿ ನಿಂತು ನೋಡಿದಳು. ಸಾಯಲು ಬಿದ್ದಿರಬೇಕಾದ ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು, ಹೆಗಲ ಮೇಲೆ ಕೊಡ ಹೊತ್ತು, ಮಗ್ಗದ ಗುಂಡಿಗೆ ನೀರು ತುಂಬುತ್ತಿದ್ದಾನೆ.

"ಗುಂಡಿಗೆಗೆ ನೀರು ಬಂದದೆ ಅಂದ್ರಲ್ಲ ಅಣ್ಣಯ್ಯ!"

"ಹೌದು ಕಣಮ್ಮ. ನೋಡು ಬಾ, ಎಷ್ಟು ಬಂದದೆ" ಎಂದು ಓಬಳೇಶಪ್ಪ ಹೆಮ್ಮೆಯಿಂದ ಗುಂಡಿ ತೋರಿಸಿದ.

ಅವಳು ಅವನ ಎದೆಯ ಮೇಲೆ ಕೈಯಿಟ್ಟು ನೋಡಿದಳು, ಹಣೆ ಮುಟ್ಟಿ ನೋಡಿದಳು. ಆಮೇಲೆ ಅದೇ ಕೈಯಲ್ಲಿ ಬೆನ್ನಿಗೆ ಒಂದು ಗುದ್ದು ಗುದ್ದಿ, ಇನ್ನೊಂದು ಸಲ ಅಳಲು ಶುರು ಮಾಡಿದಳು. ಈ ಸಲದ್ದು ಸಂತೋಷಕ್ಕೆ.

ಇಷ್ಟರಲ್ಲಿ ಮೂರು ಸರ್ಕಾರಗಳೂ ಒಟ್ಟಿಗೆ ಬಂದವು. ಮಂಡಲ ಕಚೇರಿಯಿಂದ ರೆವಿನ್ಯೂ ಇನ್‌ಸ್ಪೆಕ್ಟರು ಅಮರೇಶಪ್ಪ ರೋಗಿಗೆಂದು ಬ್ರೆಡ್ಡೂ ಮೂಸಂಬಿಯೂ ಹಿಡಿದು ಬಂದರು. ಮುನ್ಸಿಪಾಲಿಟಿಯಿಂದ ಸ್ಯಾನಿಟರಿ ಮೇಸ್ತ್ರಿ ಮರುಳಪ್ಪ, ಯಾವ ನೀರು ಕುಡಿದರೆ ಹೃದಯಕ್ಕೆ ಇಳಿಯುತ್ತದೆ ಎಂದು ತಿಳಿಯಲು ಖಾಲಿ ಸೀಸೆಯೊಂದನ್ನು ತಂದಿದ್ದ. ರೈಲ್ವೆಯ ಗ್ಯಾಂಗ್ ಮೇಸ್ತ್ರಿ ಕರಿಸಿದ್ದಪ್ಪನಿಗೆ ಮೇಲಿನವರು "ನಮ್ಮ ಮೋರಿ ನೀರು ಅವನ ಗುಂಡೆಯೊಳಗೆ ಹೆಂಗೆ ಹೋಯ್ತೋ ನೋಡ್ಕೊಂಡು ಬಾ" ಎಂದು ಹೇಳಿ ಕಳಿಸಿದ್ದರು. ದಾರಿಯುದ್ದಕ್ಕೂ ಅವನು ಅದನ್ನೇ ಯೋಚಿಸಿ ಸುಸ್ತಾಗಿದ್ದ.

ಅಮರೇಶಪ್ಪ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಗುಂಡಿ ನೋಡಿದರು. ಅರ್ಜಿ ನೋಡಿದರು. "ಇದು ಗುಂಡಿನಾ?"

"ಮತ್ತೆ ಏನು ಸಾರ್?"

ಸಂಜೀವಪ್ಪ ಗೋಡೆಗೆ ಒರಗಿ ನಕ್ಕು ನಕ್ಕು ಕುಸಿದ. ಬೀದಿಯೇ ಬಾಗಿಲಲ್ಲಿ ನೆರೆಯಿತು. ಅಮರೇಶಪ್ಪನವರು ಮೂಸಂಬಿ ಚೀಲವನ್ನು ಏನು ಮಾಡುವುದೆಂದು ತಿಳಿಯದೆ ಪದ್ಮಾವತಮ್ಮನ ಕೈಗೆ ಕೊಟ್ಟರು. ಇರಲಿ, ಬಂದದ್ದಾಯಿತು, ನೀರಂತೂ ಇದೆ. ನೀರು ಯಾರದು ಎಂಬ ವಿಚಾರಣೆ ಆರಂಭವಾಯಿತು.

"ಮಳೆ ನಷ್ಟ ಅಂದ್ರೆ ನಮ್ದೇ" ಎಂದರು ಅಮರೇಶಪ್ಪ. "ಆದ್ರೆ ಆಕಾಶದಿಂದ ನೇರ ಬಿದ್ದಿದ್ದು ಮಾತ್ರ. ಇಲ್ಲಿ ಹೆಂಚು ನೆಟ್ಟಗವೆ. ಈ ನೀರು ಬಾಗಿಲಿಂದ ಬಂದದೆ. ಬಾಗಿಲಿಂದ ಬಂದಿದ್ದು ಬೀದಿ ನೀರು, ಮುನ್ಸಿಪಾಲ್ಟಿದು."

"ಬೀದಿ ನೀರು ಇಳಿಜಾರಿಗೆ ಹೋಗೋದು ಸಾರ್" ಎಂದ ಮರುಳಪ್ಪ. "ನಮ್ ನೀರು ನೆಟ್ಟಗೇ ಹೋಗಿತ್ತು. ಅದನ್ನ ವಾಪಸ್ ಕಳಿಸಿದ್ದು ರೈಲ್ವೆ ಕಟ್ಟೆ. ವಾಪಸ್ ಬಂದ ಮೇಲೆ ಅದು ಅವರ ನೀರೇ."

"ಕಟ್ಟೆ ನಮ್ಮ ತಾತನ ಕಾಲದಿಂದ ಅಲ್ಲೇ ಅದೆ ಕಣಪ್ಪ" ಎಂದ ಕರಿಸಿದ್ದಪ್ಪ. "ಮಳೆ ಮೊನ್ನೆ ಬಂದಿದ್ದು. ಹೊಸದಾಗಿ ಬಂದೋರು ಹಳಬರನ್ನ ನೋಡ್ಕೊಂಡು ನಡೀಬೇಕು."

ಓಬಳೇಶಪ್ಪನಿಗೆ ಸ್ವರ್ಗ ಕೈಗೆ ಸಿಕ್ಕಂತಾಗಿತ್ತು. ಲೋಕಲ್ಲು, ಸ್ಟೇಟು, ಸೆಂಟ್ರಲ್ಲು ಮೂರೂ ಅವನ ಮನೆಯ ಚಾಪೆಯ ಮೇಲೆ! ಒಬ್ಬೊಬ್ಬರು ಮಾತಾಡಿದಾಗಲೂ "ಪಾಯಿಂಟು!" ಎನ್ನುತ್ತ ಕಾಫಿಗೆ ಹೇಳಿದ. ಸೀರೆ, ಮಗ್ಗ, ಮದುವೆ ಯಾವುದೂ ಅವನ ನೆನಪಿನಲ್ಲಿರಲಿಲ್ಲ.

ಸರಸ್ವತಮ್ಮ ಮಗ್ಗದ ಟಾರ್ಪಾಲು ಸರಿಸಿದಳು. ಅರ್ಧ ನೇಯ್ದ ಕುಂಕುಮ ಬಣ್ಣದ ಸೀರೆಯ ಮೇಲೆ ಕೈಯಾಡಿಸಿದಳು.

"ನೀರು ಯಾರ್ದಾನ ಆಗ್ಲಿ ಕಣ್ರಪ್ಪ, ಮಗಳು ನಂದು" ಎಂದಳು. "ಏಳು ದಿನಕ್ಕೆ ಮದುವೆ. ಮಾವನ ಸೀರೆ ಬತ್ತದೆ ಅಂತ ಊರಿಗೆಲ್ಲ ಹೇಳ್ಕೊಂಡವ್ಳೆ ಹುಡುಗಿ."

ಓಬಳೇಶಪ್ಪ ಕಾಫಿ ಲೋಟ ಕೆಳಗಿಟ್ಟ. ಇಪ್ಪತ್ತು ವರ್ಷದ ಹಿಂದೆ ತೊಟ್ಟಿಲ ಪಕ್ಕದಲ್ಲಿ ಆಡಿದ ಮಾತು ಅವನಿಗೆ ಈಗ ನೆನಪಾಯಿತು. ಐದು ದಿನ ತಾನು ಕಾವಲು ಕಾದದ್ದು ಸೀರೆಯನ್ನಲ್ಲ, ನೀರನ್ನು. ಅವನು ಮೆಲ್ಲಗೆ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟ.

"ತಪ್ಪು ನಂದೇ ಸರಸ್ವತಿ. ಆವತ್ತೇ ಚೆಲ್ಬೇಕಾಗಿತ್ತು" ಎಂದ. ಅವನ ಬಾಯಲ್ಲಿ ಆ ಮಾತನ್ನು ಬೀದಿ ಹಿಂದೆಂದೂ ಕೇಳಿರಲಿಲ್ಲ.

ಕರಿಸಿದ್ದಪ್ಪ ಗಂಟಲು ಸರಿ ಮಾಡಿಕೊಂಡ. "ಯಾವೂರಿಗೆ ಕೊಡ್ತಿದ್ದೀರಮ್ಮ?"

"ಬೆಳುಗುಪ್ಪಕ್ಕೆ."

"ನಮ್ಮಕ್ಕನ ಊರೂ ಅದೇಯ." ಅವನು ತಲೆಯ ರುಮಾಲು ಬಿಚ್ಚಿ ಸೊಂಟಕ್ಕೆ ಬಿಗಿದ. "ಸಾರ್, ನೀರು ಯಾರ್ದು ಅಂತ ಆಮೇಲೆ ನೋಡಾನ. ನೀರು ಎಲ್ಲಿದ್ದಾಗ ಯಾರ್ದು ಅಂತ ಹೇಳಿ ಸಾಕು."

ಅಮರೇಶಪ್ಪ ಕನ್ನಡಕ ತೆಗೆದು ಜೇಬಿಗಿಟ್ಟರು. "ಮನೆ ಒಳಗಿರೋ ತನಕ ನಷ್ಟದ ಲೆಕ್ಕ, ಅದು ನಮ್ದು. ಹೊಸ್ತಿಲು ದಾಟಿದ್ರೆ ಮುನ್ಸಿಪಾಲ್ಟಿದು. ರೈಲ್ವೆ ಬೇಲಿ ದಾಟಿದ್ರೆ ನಿಮ್ದು. ಸರೇನಾ?"

"ಸರೇ" ಎಂದರು ಇಬ್ಬರೂ.

ಹೀಗೆ ಹಿಂದೂಪುರದ ಆ ಬೀದಿಯಲ್ಲಿ ಮೂರು ಸರ್ಕಾರಗಳ ನಡುವೆ ಒಂದು ಒಪ್ಪಂದವಾಯಿತು. ಅದಕ್ಕೆ ಸಹಿಯಿಲ್ಲ, ಮೊಹರಿಲ್ಲ. ರೆವಿನ್ಯೂ ಇನ್‌ಸ್ಪೆಕ್ಟರು ಪ್ಯಾಂಟು ಮೊಳಕಾಲಿಗೆ ಮಡಿಚಿ ಗುಂಡಿಗೆ ಇಳಿದರು. ಅವರು ತುಂಬಿದ ಕೊಡ ಜಯರಾಮಪ್ಪನ ಕೈಗೆ, ಅಲ್ಲಿಂದ ನೆಂಟರ ಕೈಯಿಂದ ಕೈಗೆ ಹೊಸ್ತಿಲಿಗೆ. ಹೊಸ್ತಿಲಾಚೆ ಮರುಳಪ್ಪ, ಅವನಿಂದ ಬೀದಿಯವರ ಕೈಗಳಲ್ಲಿ ಹಾದು ಬೇಲಿಗೆ. ಬೇಲಿಯಾಚೆ ಕರಿಸಿದ್ದಪ್ಪ ಹಳಿ ಕೆಲಸದಿಂದ ಕರೆಸಿದ ಅವನ ಗ್ಯಾಂಗಿನವರು ಹಳಿಯ ಆ ಬದಿಯ ಹಳ್ಳಕ್ಕೆ ಸುರಿಯುತ್ತಿದ್ದರು. ಯಾರೂ ತಮ್ಮ ಗಡಿ ದಾಟಲಿಲ್ಲ. ಹೊಸ್ತಿಲ ಮೇಲೆ ಒಂದಿಷ್ಟು ನೀರು ಚೆಲ್ಲಿದಾಗ ಮಾತ್ರ "ಇದು ಯಾರ್ದು?" ಎಂದು ಮರುಳಪ್ಪ ಕೇಳಿದ. ಪದ್ಮಾವತಮ್ಮ ಬಂದು "ನಂದು ಬಿಡಣ್ಣ" ಎಂದು ಬಟ್ಟೆಯಲ್ಲಿ ಒರೆಸಿದಳು. ಮುಕ್ಕಾಲು ಗಂಟೆಯಲ್ಲಿ ಗುಂಡಿಯ ತಳ ಕಂಡಿತು.

ಅಷ್ಟರಲ್ಲಿ ಪಡುವಣದಲ್ಲಿ ಮತ್ತೆ ಮೋಡ ಕಪ್ಪಾಗಿತ್ತು. ಕರಿಸಿದ್ದಪ್ಪನೂ ಮರುಳಪ್ಪನೂ ಮೋರಿಯ ಬಾಯಿಗೆ ಓಡಿ, ಒಂದು ಕಡೆಯಿಂದ ಅವರು, ಇನ್ನೊಂದು ಕಡೆಯಿಂದ ಇವರು ಸಿಕ್ಕಿಕೊಂಡ ಕಸ ಎಳೆಯತೊಡಗಿದರು. ಬಾಳೆದಿಂಡು ಬಂತು, ಮುರಿದ ಬುಟ್ಟಿ ಬಂತು, ಬೀದಿಯ ಮಗ್ಗಗಳ ನೂಲಿನ ಕಸ ಉಂಡೆಯುಂಡೆಯಾಗಿ ಬಂತು. ಕೊನೆಗೆ ಆರು ಜನ ಹಿಡಿದು ಎಳೆದಾಗ ನೀಲಿ ಪಟ್ಟೆಯ ಹಾಸಿಗೆಯೊಂದು ಹೊರಬಿತ್ತು. ಪದ್ಮಾವತಮ್ಮ ಅದನ್ನು ನೋಡಿ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು. ಓಬಳೇಶಪ್ಪ ಈ ಕಡೆ ತಿರುಗಿದ. ಗಂಡ ಹೆಂಡತಿ ಹೀಗೆ ತಿರುಗಿದ್ದರಿಂದ ಹಾಸಿಗೆ ಯಾರ ಮನೆಯದೆಂದು ಎಲ್ಲರಿಗೂ ತಿಳಿಯಿತು. ಮೂರು ಸರ್ಕಾರಗಳೂ ದೊಡ್ಡ ಮನಸ್ಸು ಮಾಡಿ ಏನೂ ಕೇಳಲಿಲ್ಲ.

ಸಂಜೆ ಮಳೆ ಜೋರಾಗಿಯೇ ಬಂತು. ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡಿತು. ನೀರು ಗಳಗಳನೆ ಮೋರಿಯಲ್ಲಿ ಇಳಿದು ಹೋಯಿತು; ಒಂದು ಹನಿಯೂ ಹೊಸ್ತಿಲು ಹತ್ತಲಿಲ್ಲ.

ಮರುದಿನ ಅಮರೇಶಪ್ಪ ತಮ್ಮ ಮನೆಯ ಮೇಜಿನ ಫ್ಯಾನು ತಂದು ಗುಂಡಿಗೆ ಗಾಳಿ ಬಿಟ್ಟರು. ಮರುಳಪ್ಪ ಎರಡು ಬುಟ್ಟಿ ಒಣ ಮರಳು ತಂದ, ಕರಿಸಿದ್ದಪ್ಪ ಒಂದು ಬುಟ್ಟಿ ಕೆಂಡ. ಮೂರನೆಯ ದಿನ ಕಾಲಿಗೆ ತಂಪು ತಗಲದಷ್ಟು ಗುಂಡಿ ಒಣಗಿತು. ಉಳಿದ ಅರ್ಧ ಸೀರೆಯನ್ನು ಓಬಳೇಶಪ್ಪ ಬೆಳಗಿನ ಹೊತ್ತು, ತಾನೂ ನೇಕಾರನಾದ ಜಯರಾಮಪ್ಪ ಅಲ್ಲೇ ಉಳಿದು ಮಧ್ಯಾಹ್ನ, ಸಂಜೀವಪ್ಪ ತನ್ನ ಮಗ್ಗ ನಿಲ್ಲಿಸಿ ಬಂದು ಇಳಿಹೊತ್ತಿನಲ್ಲಿ ನೇಯ್ದರು. ಓಬಳೇಶಪ್ಪ ಯಾರಿಗೂ ಏನನ್ನೂ ವಿವರಿಸಲಿಲ್ಲ. ಲಾಳಿ ಎಸೆಯುತ್ತ ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ನೆನೆದ. ಇಷ್ಟು ಜನರ ಋಣವನ್ನು ಹೊತ್ತ ಸೀರೆ ಇನ್ನೊಂದಿಲ್ಲ ಎನ್ನಿಸಿತು. ಮದುವೆಗೆ ಎರಡು ದಿನವಿರುವಾಗ ಸೀರೆ ಮಗ್ಗದಿಂದ ಇಳಿಯಿತು. ಅರಿಸಿನ ಕುಂಕುಮ ಹಚ್ಚಿದ ಮೂರು ಲಗ್ನಪತ್ರಿಕೆ ಹಿಡಿದು ಅವನೇ ಮೂರು ಮನೆಗೂ ನಡೆದುಹೋಗಿ, ಕೈಮುಗಿದು ಕರೆದ.

ಕಲ್ಯಾಣದುರ್ಗದಲ್ಲಿ ಮದುವೆ. ಹುಡುಗಿಯನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ ಸೋದರಮಾವಂದಿರು ಮಂಟಪಕ್ಕೆ ಎತ್ತಿ ತರುವುದು ಅವರ ಪದ್ಧತಿ. ಕದಿರಮ್ಮ ಕುಂಕುಮ ಬಣ್ಣದ ಸೀರೆಯುಟ್ಟು ಬುಟ್ಟಿಯಲ್ಲಿ ಕೂತಳು. ಪುರೋಹಿತರು ಮಂಟಪದಿಂದ ಕೂಗಿದರು.

"ಹುಡುಗಿ ಸೋದರಮಾವ ಯಾರಪ್ಪಾ? ಬರ್ಬೇಕು, ಹೊತ್ತಾಯ್ತು!"

ಓಬಳೇಶಪ್ಪ ಎದ್ದ. ಮುಂದಿನ ಸಾಲಿನಲ್ಲಿ ಅಮರೇಶಪ್ಪನವರೂ ಎದ್ದರು. ಕಂಬದ ಬಳಿ ಕೂತಿದ್ದ ಮರುಳಪ್ಪ ಎದ್ದ. ಊಟದ ಪಂಕ್ತಿಗೆ ಎಲೆ ಹಾಕಿಸುತ್ತಿದ್ದ ಕರಿಸಿದ್ದಪ್ಪ ಕೈ ಒರೆಸಿಕೊಳ್ಳುತ್ತ ಓಡಿ ಬಂದ. ಒಬ್ಬರನ್ನೊಬ್ಬರು ನೋಡಿಕೊಂಡರು; ಯಾರೂ ಮತ್ತೆ ಕೂರಲಿಲ್ಲ.

"ಒಬ್ಬ ಹುಡುಗಿಗೆ ಎಷ್ಟು ಜನಮ್ಮ ಮಾವಂದಿರು?" ಎಂದರು ಪುರೋಹಿತರು.

"ನಾಲ್ಕು ಜನ ಸ್ವಾಮಿ" ಎಂದಳು ಸರಸ್ವತಮ್ಮ. "ಇಷ್ಟು ದಿನ ನನಗೆ ಒಬ್ಬನೇ ಅಣ್ಣ ಅಂದ್ಕೊಂಡಿದ್ದೆ."

ಓಬಳೇಶಪ್ಪ ಬುಟ್ಟಿಯ ಒಂದು ಕಡೆಗೆ ಸರಿದು, ಉಳಿದ ಮೂರು ಕಡೆ ಜಾಗ ಬಿಟ್ಟ. ನಾಲ್ವರೂ ಬಗ್ಗಿ ಎತ್ತಿದರು.